ಮೊದಲ ಮನೆ ಕೊಳ್ಳುವಾಗ ಕರಾರು ಪತ್ರದ ಷರತ್ತುಗಳನ್ನು ಮಾತಾಡಿಕೊಳ್ಳುವುದು ಹೇಗೆ?

ಬೆಲೆ ಕುದುರಿದ ಕೂಡಲೇ ವ್ಯಾಪಾರ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಆಮೇಲೆ ಬ್ರೋಕರ್ ಒಂದು ಕರಾರು ಪತ್ರ ತರುತ್ತಾರೆ. ವರ್ಷಗಟ್ಟಲೆಯಿಂದ ಹೆಸರು, ಮೊತ್ತ ಮಾತ್ರ ಬದಲಿಸಿ ಓಡಿಸುತ್ತಿರುವ ನಮೂನೆ ಅದು. ಓದಲು ಹತ್ತು ನಿಮಿಷ ಸಿಗುತ್ತದೆ, ಸಹಿ ಬೀಳುತ್ತದೆ. ಬೆಲೆಯಲ್ಲಿ ಒಂದು ಲಕ್ಷ ಹೆಚ್ಚು ಕೊಟ್ಟರೆ ನಷ್ಟ ಒಂದು ಲಕ್ಷಕ್ಕೇ ನಿಲ್ಲುತ್ತದೆ. ಮುಂಗಡ ಯಾವ ದಾಖಲೆಗೆ ಎದುರಾಗಿ ಹೋಗುತ್ತದೆ, ವ್ಯವಹಾರ ಮುರಿದರೆ ಅದು ಯಾವ ದಾರಿಯಲ್ಲಿ ವಾಪಸ್ ಬರುತ್ತದೆ ಎಂದು ಬರೆದಿರದಿದ್ದರೆ ಪೂರ್ತಿ ಮುಂಗಡವೇ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ.

ಕಾನೂನಿನ ಒಂದು ಮಾತು ಮೊದಲೇ ಗೊತ್ತಿರಲಿ. ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಕರಾರು ಪತ್ರದಿಂದ ಆಸ್ತಿ ನಿಮ್ಮದಾಗುವುದಿಲ್ಲ. ನಿಮ್ಮದಾಗುವುದು ನೋಂದಾಯಿತ ಕ್ರಯಪತ್ರದಿಂದ. ಕರಾರಿಗೂ ಕ್ರಯಕ್ಕೂ ನಡುವಿನ ಎರಡು ಮೂರು ತಿಂಗಳಲ್ಲಿ ನಿಮ್ಮ ದುಡ್ಡು ಮಾರುವವರ ಹತ್ತಿರ, ಆಸ್ತಿಯೂ ಅವರ ಹತ್ತಿರ. ಆ ಅವಧಿಯಲ್ಲಿ ನಿಮ್ಮನ್ನು ಕಾಯುವುದು ಷರತ್ತುಗಳು ಮಾತ್ರ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಬೆಂಗಳೂರು, ಮೈಸೂರಿನಂಥ ಊರಿನಲ್ಲಿ 30×40 ಅಡಿ ನಿವೇಶನದ ಹಳೆಯ ಮನೆ. ಬೆಲೆ 80 ಲಕ್ಷ, ಮಾರುವವರು ಬಿಲ್ಡರ್ ಅಲ್ಲ, ಒಂದು ಕುಟುಂಬ. ಕೊಳ್ಳುವವರಿಗೆ ಬ್ಯಾಂಕ್ ಸಾಲ ಬೇಕು. ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ಕೊಳ್ಳುವವರಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಇದೆ. ಅದರ ಪ್ರಕಾರ ನೋಂದಾಯಿತ ಕರಾರಿಗೆ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹಳೆಯ ಮನೆಗೆ ಅಂಥ ರಕ್ಷಣೆ ಇಲ್ಲ, ನೀವೇ ಬರೆಸಿಕೊಳ್ಳಬೇಕು.

ಟೋಕನ್‌ಗೆ ಮುಂಚೆ

"ಇವತ್ತು ದಿನ ಚೆನ್ನಾಗಿದೆ, ಟೋಕನ್ ಕೊಟ್ಟುಬಿಡಿ, ನಾಳೆ ಇನ್ನೊಬ್ಬರು ಬರುತ್ತಾರೆ" ಎಂಬ ಒತ್ತಡ ಬಂದೇ ಬರುತ್ತದೆ. ಟೋಕನ್ ಕೊಡುವ ಮುನ್ನ ಇಷ್ಟರ ಜೆರಾಕ್ಸ್ ಕೇಳಿ: ಈಗಿನ ಮಾಲೀಕರ ಕ್ರಯಪತ್ರ, ಅದರ ಹಿಂದಿನ ಮೂಲಪತ್ರಗಳು, ಇ-ಖಾತೆ (ಪಾಲಿಕೆಯ ಕಂದಾಯ ದಾಖಲೆ), ಈ ವರ್ಷದ ಕಂದಾಯ ರಸೀದಿ, ಮಂಜೂರಾದ ನಕ್ಷೆ, ಮಾರಾಟಗಾರರ ಪ್ಯಾನ್. ಋಣಭಾರ ಪತ್ರವನ್ನು (ಇ.ಸಿ., ಆಸ್ತಿಯ ನೋಂದಾಯಿತ ವಹಿವಾಟುಗಳ ಪಟ್ಟಿ) ಮಾತ್ರ ಅವರಿಂದ ಪಡೆಯಬೇಡಿ, ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ನೀವೇ ತೆಗೆಸಿ. 30 ವರ್ಷದ್ದು ಬೇಕು. ಹಳೆಯ ವರ್ಷಗಳದ್ದು ಆನ್‌ಲೈನ್‌ನಲ್ಲಿ ಸಿಗದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಡಬೇಕು. ವಹಿವಾಟು ಇದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಚೆಕ್ಕುಬಂದಿಯನ್ನು (ನಾಲ್ಕು ದಿಕ್ಕಿನ ಗಡಿ ವಿವರ) ಒಂದಕ್ಷರ ತಪ್ಪಾಗಿ ಕೊಟ್ಟು ಹುಡುಕಿದರೂ ನಮೂನೆ 16 ಬರಬಹುದು. ಆದ್ದರಿಂದ ಮಾಲೀಕರ ಸ್ವಂತ ಕ್ರಯಪತ್ರವೇ ಕಾಣಿಸದ ಋಣಭಾರ ಪತ್ರವನ್ನು ನಂಬಬೇಡಿ.

ಖಾತೆ ಎ ಅಥವಾ ಬಿ ಎಂಬುದನ್ನು ಈಗಲೇ ಕೇಳಿ. ಬಿ-ಖಾತೆಗೆ (ಅನುಮೋದನೆ ಸರಿಯಿಲ್ಲದ ಆಸ್ತಿಗಳ ಖಾತೆ) ಬಹಳಷ್ಟು ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ನಿವೇಶನವಾದರೆ ಅವರ ಕೈಯಲ್ಲಿರುವುದು ಪೂರ್ಣ ಕ್ರಯಪತ್ರವೋ, ಗುತ್ತಿಗೆ-ಸಹ-ಕ್ರಯದ ಕರಾರೋ ನೋಡಿ. ಎರಡನೆಯದಾದರೆ ಅವರಿಗೆ ಮಾರುವ ಹಕ್ಕು ಇನ್ನೂ ಬಂದಿಲ್ಲ. "ಜಿಪಿಎ ಮೇಲೆ ಬರೆದುಕೊಡುತ್ತೇವೆ" ಎಂದರೆ ಎದ್ದು ಬನ್ನಿ. ಜಿಪಿಎ ಎಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ, ಅದರಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಟೋಕನ್ ಇಲ್ಲದೆ ಕಾಗದ ಕೊಡುವುದಿಲ್ಲ ಎನ್ನುವ ಮಾರಾಟಗಾರರಿದ್ದಾರೆ. ಎಲ್ಲರೂ ಮೋಸಗಾರರಲ್ಲ. ಬರೀ ವಿಚಾರಿಸಿಕೊಂಡು ಹೋದವರಿಂದ ಬೇಸತ್ತವರೂ ಇರುತ್ತಾರೆ. ಆಗ 25,000ದಿಂದ 50,000 ರೂಪಾಯಿಯನ್ನು ಬ್ಯಾಂಕ್ ಮೂಲಕ ಕಳಿಸಿ, ಒಂದು ಹಾಳೆಯಲ್ಲಿ ಮೂರು ಸಾಲು ಬರೆಸಿ: ಒಪ್ಪಿದ ಬೆಲೆ, ದಾಖಲೆ ಪರಿಶೀಲನೆಗೆ 15 ದಿನ, ವಕೀಲರು ಒಪ್ಪದಿದ್ದರೆ ಟೋಕನ್ ಪೂರ್ತಿ ವಾಪಸ್. ಇಷ್ಟಕ್ಕೇ ಒಪ್ಪದವರು ಮುಂದೆ ಎಂಟು ಲಕ್ಷ ತೆಗೆದುಕೊಂಡ ಮೇಲೆ ಏನಕ್ಕೂ ಒಪ್ಪುವುದಿಲ್ಲ.

ಕರಡು ಯಾರ ಕಡೆಯಿಂದ ಬರಬೇಕು?

ನಿಮ್ಮ ಕಡೆಯಿಂದ. ನಿಮ್ಮ ವಕೀಲರು ಬರೆದ ಕರಡಿನಲ್ಲಿ ಬದಲಾವಣೆ ಕೇಳುವ ಶ್ರಮ ಎದುರಿನವರದ್ದಾಗುತ್ತದೆ. ಅವರ ನಮೂನೆ ಬಂದರೆ ಪ್ರತಿ ತಿದ್ದುಪಡಿಗೂ ನೀವು "ಅನುಮಾನ ಪಡುವವರು" ಎನಿಸಿಕೊಳ್ಳುತ್ತೀರಿ. ಕರಡಿಗೂ ಮುನ್ನ ಮುಖ್ಯ ಷರತ್ತುಗಳನ್ನು ಸರಳ ಕನ್ನಡದಲ್ಲಿ ವಾಟ್ಸ್ಯಾಪ್‌ನಲ್ಲಿ ಕಳಿಸಿ, "ಒಪ್ಪಿಗೆ" ಎಂದು ಉತ್ತರ ಪಡೆಯಿರಿ. ವಕೀಲರ ಭಾಷೆಯಲ್ಲಿ ಕಂಡಾಗ ಗಾಬರಿಯಾಗುವ ಮಾತಿಗೆ ಮನೆಯ ಭಾಷೆಯಲ್ಲಿ ಸುಲಭವಾಗಿ ಒಪ್ಪಿಗೆ ಸಿಗುತ್ತದೆ.

ಕುದುರಿಸಲು ಕೂರುವ ಮುನ್ನ ಮಾರುವವರಿಗೆ ದುಡ್ಡು ಯಾಕೆ, ಯಾವಾಗ ಬೇಕು ಎಂದು ತಿಳಿದುಕೊಳ್ಳಿ. ಮಗಳ ಮದುವೆಯೇ, ಬೇರೆ ನಿವೇಶನಕ್ಕೆ ಅಡ್ವಾನ್ಸ್ ಕೊಟ್ಟಿದ್ದಾರೆಯೇ, ಅಣ್ಣತಮ್ಮಂದಿರ ಪಾಲು ಹಂಚಬೇಕೇ? ಬೇಗ ದುಡ್ಡು ಬೇಕಾದವರಿಗೆ "60 ದಿನದಲ್ಲಿ ನೋಂದಣಿ ಮುಗಿಸುತ್ತೇನೆ, ಮುಂಗಡ ಮಾತ್ರ ಶೇ. 10" ಎನ್ನಿ. ಮನೆ ಖಾಲಿ ಮಾಡಲು ಸಮಯ ಬೇಕಾದವರಿಗೆ ಸಮಯ ಕೊಟ್ಟು, ಬದಲಿಗೆ ಕರಾರು ನೋಂದಣಿ ಕೇಳಿ. ಅವರಿಗೆ ಮುಖ್ಯವಾದದ್ದನ್ನು ಕೊಟ್ಟು ನಿಮಗೆ ಮುಖ್ಯವಾದದ್ದನ್ನು ಪಡೆಯುವುದು ಬೆಲೆಯಲ್ಲಿ ಇನ್ನೊಂದು ಐವತ್ತು ಸಾವಿರ ಇಳಿಸುವುದಕ್ಕಿಂತ ಲಾಭ.

ಸಹಿ ಯಾರು ಯಾರದ್ದು?

ಕರ್ನಾಟಕದಲ್ಲಿ ಮೊದಲ ಬಾರಿ ಕೊಳ್ಳುವವರು ಹೆಚ್ಚು ಎಡವುವುದು ಇಲ್ಲೇ. ಖಾತೆಯಲ್ಲಿ ಒಬ್ಬರ ಹೆಸರಿದೆ ಎಂದ ಮಾತ್ರಕ್ಕೆ ಅವರೊಬ್ಬರೇ ಮಾಲೀಕರಾಗುವುದಿಲ್ಲ. ಖಾತೆ ಕಂದಾಯಕ್ಕೆ ಸಂಬಂಧಿಸಿದ ದಾಖಲೆ, ಹಕ್ಕುಪತ್ರವಲ್ಲ. ಆಸ್ತಿ ಅವರಿಗೆ ಹೇಗೆ ಬಂತು ಎಂದು ಕೇಳಿ. ಸ್ವಂತ ದುಡಿಮೆಯಲ್ಲಿ ಕೊಂಡಿದ್ದರೆ ವಿಷಯ ಸರಳ. ತಂದೆಯಿಂದಲೋ ಅಜ್ಜನಿಂದಲೋ ಬಂದಿದ್ದರೆ ವಂಶವೃಕ್ಷ ತರಿಸಿ ಒಂದೊಂದೇ ಹೆಸರು ಓದಿ.

2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. "ಅಕ್ಕಂದಿರಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಅವರು ಕೇಳುವುದಿಲ್ಲ" ಎಂಬ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಇಲ್ಲ. ಅಕ್ಕತಂಗಿಯರು ಮಾರಾಟಗಾರರಾಗಿಯೇ ಸಹಿ ಮಾಡಬೇಕು, ಇಲ್ಲವೇ ಅವರ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿಸಿದರೆ ಅವರು ಸಾಕ್ಷಿ ಮಾತ್ರ ಆಗುತ್ತಾರೆ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ನ್ಯಾಯಾಲಯದ ಅನುಮತಿಯ ಪ್ರಶ್ನೆ ಏಳುತ್ತದೆ. ಆ ಭಾಗವನ್ನು ವಕೀಲರಿಗೇ ಬಿಡಿ.

ಎಲ್ಲರೂ ಕರಾರಿಗೇ ಸಹಿ ಮಾಡಬೇಕೆಂದು ಹಠ ಹಿಡಿಯಿರಿ. "ನೋಂದಣಿ ದಿನ ಬರುತ್ತಾರೆ ಬಿಡಿ" ಎಂದು ಬಿಟ್ಟರೆ, ಆ ದಿನ ಬಾರದ ಒಬ್ಬ ತಂಗಿ ಇಡೀ ವ್ಯವಹಾರ ನಿಲ್ಲಿಸಬಹುದು. ಅವರು ಕರಾರಿನಲ್ಲೇ ಇಲ್ಲದ ಕಾರಣ ಅವರನ್ನು ಕೇಳುವ ಹಕ್ಕೂ ನಿಮಗಿರುವುದಿಲ್ಲ.

ಮಾರಾಟಗಾರರು ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿದ ಕನ್ನಡಿಗರಾಗಿದ್ದರೆ ಎರಡು ವಿಷಯ ಬೇರೆಯಾಗುತ್ತವೆ. ಅಲ್ಲಿ ಬರೆದುಕೊಟ್ಟ ಅಧಿಕಾರ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಬೆಲೆಯಿಂದ ನೀವು ಮುರಿದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯೂ (ಟಿಡಿಎಸ್) ಅವರ ವಿಷಯದಲ್ಲಿ ಶೇ. 1ಕ್ಕೆ ನಿಲ್ಲುವುದಿಲ್ಲ, ಬಂಡವಾಳ ಲಾಭದ ದರದಲ್ಲಿ ಮುರಿದುಕೊಳ್ಳಬೇಕಾಗುತ್ತದೆ. ಕಡಿಮೆ ಕಡಿತದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ತರುವ ಹೊಣೆ ಅವರದ್ದೇ ಎಂದು ಬರೆಸಿ. ಕಡಿಮೆ ಮುರಿದರೆ ನೋಟಿಸ್ ಬರುವುದು ನಿಮಗೆ.

ದುಡ್ಡಿನ ಮೆಟ್ಟಿಲು

ಮೊದಲು ನಿಮ್ಮ ಲೆಕ್ಕ. ನಗರ ಪ್ರದೇಶದಲ್ಲಿ 80 ಲಕ್ಷಕ್ಕೆ ಮುದ್ರಾಂಕ ಶುಲ್ಕ ಶೇ. 5, ಅಂದರೆ 4,00,000. ಅದರ ಮೇಲೆ ಶೇ. 10 ಸೆಸ್ 40,000, ಶೇ. 2 ಸರ್ಚಾರ್ಜ್ 8,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿರುವುದರಿಂದ 1,60,000. ಒಟ್ಟು 6,08,000 ರೂಪಾಯಿ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಆಸ್ತಿ ಮೌಲ್ಯದ ಶೇ. 80ರವರೆಗೆ ಕೊಡಬಹುದು. ಹಾಗಾಗಿ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ ಮತ್ತು ನೋಂದಣಿ ವೆಚ್ಚ ಸೇರಿ 22 ಲಕ್ಷಕ್ಕೂ ಹೆಚ್ಚು ನಿಮ್ಮ ಕೈಯಲ್ಲಿರಬೇಕು. ಬ್ಯಾಂಕಿನ ಮೌಲ್ಯಮಾಪಕರು ಮನೆಗೆ 72 ಲಕ್ಷ ಎಂದು ಬರೆದರೆ ಸಾಲ 57.6 ಲಕ್ಷಕ್ಕೆ ಇಳಿಯುತ್ತದೆ. ಈ ಸಾಧ್ಯತೆ ಗೊತ್ತಿಲ್ಲದೆ 20 ಲಕ್ಷ ಮುಂಗಡ ಕೊಟ್ಟವರು ನೋಂದಣಿಯ ವಾರ ಕೈಸಾಲ ಹುಡುಕುತ್ತಾರೆ.

ಮಾರುವವರು ಸಾಮಾನ್ಯವಾಗಿ ಶೇ. 20ರಿಂದ 25 ಮುಂಗಡ ಕೇಳುತ್ತಾರೆ. ನೀವು ಶೇ. 10ಕ್ಕೆ ನಿಲ್ಲಿ, ಮತ್ತು ಅದನ್ನೂ ಒಡೆದು ಕೊಡಿ:

1. ಟೋಕನ್ 50,000. ಎದುರಾಗಿ ಜೆರಾಕ್ಸ್ ದಾಖಲೆಗಳು.
2. ಕರಾರಿಗೆ ಎಲ್ಲರೂ ಸಹಿ ಮಾಡಿದ ದಿನ 4,50,000. ಎದುರಾಗಿ ಮೂಲ ದಾಖಲೆಗಳನ್ನು ಕಣ್ಣಾರೆ ನೋಡುವ ಅವಕಾಶ.
3. ನಿಮ್ಮ ಬ್ಯಾಂಕಿನ ವಕೀಲರು ಒಪ್ಪಿಗೆ ಕೊಟ್ಟ ಏಳು ದಿನದೊಳಗೆ 3,00,000.
4. ನೋಂದಣಿ ದಿನ 72,00,000. ಅದರಲ್ಲಿ ಬ್ಯಾಂಕಿನ ಡಿ.ಡಿ. 64 ಲಕ್ಷ, ನಿಮ್ಮದು 8 ಲಕ್ಷ.

ಮೂರನೆಯ ಮೆಟ್ಟಿಲೇ ಇದರಲ್ಲಿ ಮುಖ್ಯ. ಬ್ಯಾಂಕಿನ ವಕೀಲರು ಕೇಳುವ ಹಳೆಯ ಮರಣ ಪ್ರಮಾಣಪತ್ರವನ್ನೋ ಬಿಟ್ಟುಹೋದ ಒಂದು ಮೂಲಪತ್ರವನ್ನೋ ಮಾರಾಟಗಾರರು ಓಡಾಡಿ ತರಬೇಕಾಗುತ್ತದೆ. ಬರಬೇಕಾದ ದುಡ್ಡು ಅದಕ್ಕೆ ಕಟ್ಟಿದ್ದರೆ ಬೇಗ ತರುತ್ತಾರೆ.

ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಪ್ರತಿ ಕಂತಿನಲ್ಲೂ ಶೇ. 1 ಟಿಡಿಎಸ್ ಮುರಿದು, ಮುರಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ಇಲ್ಲಿ ಒಟ್ಟು 80,000. "ನಮಗೆ ಪೂರ್ತಿ ಎಂಬತ್ತು ಕೈಗೆ ಬರಬೇಕು, ಟಿಡಿಎಸ್ ನಿಮ್ಮದು" ಎಂದು ಕೊನೆಗೆ ಜಗಳವಾಗುತ್ತದೆ. ಆ ಹಣ ಅವರ ಪ್ಯಾನ್‌ಗೇ ಜಮೆಯಾಗುತ್ತದೆ ಎಂದು ಮೊದಲೇ ವಿವರಿಸಿ ಕರಾರಿನಲ್ಲಿ ಬರೆಸಿ. ಅವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ಕಡಿತ ಶೇ. 20ಕ್ಕೆ ಏರುತ್ತದೆ. ಕರಾರಿಗೆ ಮುನ್ನವೇ ಪರೀಕ್ಷಿಸಿ.

ಮನೆಯ ಮೇಲೆ ಅವರ ಸಾಲ ಉಳಿದಿದ್ದರೆ ಮುಂಗಡವನ್ನು ಅವರ ಉಳಿತಾಯ ಖಾತೆಗೆ ಹಾಕಬೇಡಿ. ಅವರ ಬ್ಯಾಂಕಿನಿಂದ ಬಾಕಿ ಪತ್ರ ಮತ್ತು ಅಲ್ಲಿರುವ ಮೂಲ ದಾಖಲೆಗಳ ಪಟ್ಟಿ ತರಿಸಿ, ನೇರ ಸಾಲದ ಖಾತೆಗೇ ಕಟ್ಟುವಂತೆ ಬರೆಸಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ದಾಖಲೆ ವಾಪಸ್ ಕೊಡಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ಆದೇಶವಿದೆ. ನಿಮ್ಮ ಗಡುವಿನಲ್ಲಿ ಈ 30 ದಿನವನ್ನೂ ಸೇರಿಸಿಕೊಳ್ಳಿ.

ನಗದಿನ ಮಾತು

"ಮಾರ್ಗಸೂಚಿ ದರಕ್ಕೆ ನೋಂದಣಿ, ಉಳಿದದ್ದು ಕ್ಯಾಶ್" ಎಂಬ ಸಲಹೆ (ಮಾರ್ಗಸೂಚಿ ದರ ಎಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ) ಬಂದರೆ ಬೇಡ ಎನ್ನಿ, ಕಾರಣ ಹೇಳಿಯೇ ಬೇಡ ಎನ್ನಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಪಡೆದಷ್ಟೇ ದಂಡ, ಮತ್ತು ಅದು ಪಡೆದವರ ಮೇಲೆ. ಇದು ಗೊತ್ತಾದಾಗ ಮಾರುವವರೇ ಹಿಂದೆ ಸರಿಯುವುದುಂಟು. ನಿಮಗೆ ನಷ್ಟ ಬೇರೆ ರೀತಿಯದು: ಪತ್ರದಲ್ಲಿ ಕಾಣದ ದುಡ್ಡಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ, ವ್ಯವಹಾರ ಮುರಿದರೆ ಕೇಳಲು ಪುರಾವೆ ಇರುವುದಿಲ್ಲ, ಮುಂದೆ ನೀವು ಮಾರುವಾಗ ಕೊಂಡ ಬೆಲೆ ಕಡಿಮೆ ಕಂಡು ತೆರಿಗೆ ಹೆಚ್ಚುತ್ತದೆ.

ಗಡುವು ಯಾವತ್ತಿನಿಂದ?

ಸಾಲದ ವ್ಯವಹಾರಕ್ಕೆ 90 ದಿನ ಕೇಳಿ. ಆ 90 ದಿನದ ಎಣಿಕೆ ಕರಾರಿನ ದಿನದಿಂದಲ್ಲ, "ಅನುಬಂಧದಲ್ಲಿ ಹೇಳಿದ ಎಲ್ಲ ದಾಖಲೆಗಳನ್ನು ಕೊಟ್ಟ ದಿನದಿಂದ" ಎಂದಿರಲಿ. ಮಾರಾಟಗಾರರು 40 ದಿನ ತಡಮಾಡಿ, ಉಳಿದ 50 ದಿನದಲ್ಲಿ ನೀವು ಸಾಲ ತರಲಿಲ್ಲ ಎಂದು ಮುಂಗಡ ಹಿಡಿದುಕೊಳ್ಳುವುದು ಈ ಒಂದು ಸಾಲಿನಿಂದ ತಪ್ಪುತ್ತದೆ. ಪಂಚಾಂಗವನ್ನೂ ನೋಡಿ. ನಡುವೆ ಆಷಾಢವೋ ಪಿತೃಪಕ್ಷವೋ ಧನುರ್ಮಾಸವೋ ಬಂದರೆ ಬಹಳ ಮನೆಗಳವರು ನೋಂದಣಿಗೆ ಬರುವುದಿಲ್ಲ. ಆ ತಿಂಗಳು ಬಿಟ್ಟೇ ದಿನ ಗುರುತಿಸಿ.

ಮುದ್ರಾಂಕ ಶುಲ್ಕಕ್ಕೆ ನೋಂದಣಿ ದಿನದ ಮಾರ್ಗಸೂಚಿ ದರ ಅನ್ವಯ. ನಡುವೆ ದರ ಏರಿದರೆ ಹೆಚ್ಚುವರಿ ಹೊರೆ ಯಾರದ್ದು? ವಿಳಂಬ ಮಾಡಿದವರದ್ದು ಎಂದು ಬರೆಸಿ. ಆದಾಯ ತೆರಿಗೆಯ ಲೆಕ್ಕದಲ್ಲಿ ಮಾತ್ರ, ಮುಂಗಡ ಬ್ಯಾಂಕ್ ಮೂಲಕ ಹೋಗಿದ್ದರೆ ಕರಾರಿನ ದಿನದ ದರವನ್ನು ಹಿಡಿಯಲು ಅವಕಾಶವಿದೆ. ಮುಂಗಡವನ್ನು ನಗದಾಗಿ ಕೊಡದಿರಲು ಇದು ಇನ್ನೊಂದು ಕಾರಣ.

ಮುರಿದರೆ ಏನು?

ಬ್ರೋಕರ್ ನಮೂನೆಗಳಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಕೊಳ್ಳುವವರು ತಪ್ಪಿದರೆ ಮುಂಗಡ ಪೂರ್ತಿ ಜಪ್ತಿ, ಮಾರುವವರು ತಪ್ಪಿದರೆ ಮುಂಗಡ ವಾಪಸ್. ಇದು ಸಮವಲ್ಲ. ಮಾರುವವರಿಗೆ ನಷ್ಟವೇ ಇಲ್ಲದಿದ್ದರೆ ಹೆಚ್ಚು ಬೆಲೆ ಕೊಡುವವರು ಸಿಕ್ಕ ದಿನ ನಿಮ್ಮ ದುಡ್ಡು ವಾಪಸ್ ಬರುತ್ತದೆ, ಅದೂ ಬಡ್ಡಿಯಿಲ್ಲದೆ. ಎರಡೂ ಕಡೆ ಒಂದೇ ಮೊತ್ತ ಇಡಿ, ಉದಾಹರಣೆಗೆ 2 ಲಕ್ಷ. ನೀವು ತಪ್ಪಿದರೆ 2 ಲಕ್ಷ ಕಡಿತ, ಉಳಿದದ್ದು ವಾಪಸ್. ಅವರು ತಪ್ಪಿದರೆ ಮುಂಗಡ ಮತ್ತು 2 ಲಕ್ಷ, ಇಲ್ಲವೇ ನಿಮ್ಮ ಆಯ್ಕೆಯಂತೆ ನ್ಯಾಯಾಲಯದ ಮೂಲಕ ಕ್ರಯಪತ್ರ ಮಾಡಿಸಿಕೊಳ್ಳುವ ಹಕ್ಕು. "ನಿಮ್ಮ ಆಯ್ಕೆಯಂತೆ" ಎಂಬುದು ಬಿಟ್ಟುಹೋದರೆ ಹಣ ಕೊಟ್ಟು ಕೈತೊಳೆದುಕೊಳ್ಳುವ ಆಯ್ಕೆ ತಮ್ಮದು ಎಂದು ಅವರು ವಾದಿಸುತ್ತಾರೆ.

ಸಾಲ ಸಿಗದಿದ್ದರೆ ಎಂಬುದನ್ನು ಎರಡಾಗಿ ಒಡೆಯಿರಿ. ನಿಮ್ಮ ಆದಾಯ, ಹಳೆಯ ಸಾಲದ ಕಾರಣಕ್ಕೆ ನಿರಾಕರಿಸಿದರೆ ಸ್ವಲ್ಪ ಕಡಿತಕ್ಕೆ ಒಪ್ಪುವುದು ನ್ಯಾಯ. ಅವರ ಕಾಗದದ ದೋಷಕ್ಕೆ ನಿರಾಕರಿಸಿದರೆ ಒಂದು ರೂಪಾಯಿಯೂ ಹೋಗಬಾರದು. ಹೀಗೆ ಬರೆಸಬಹುದು:

"ಷೆಡ್ಯೂಲ್ ಸ್ವತ್ತಿನ ಹಕ್ಕುದಾಖಲೆಗಳಲ್ಲಿನ ದೋಷದ ಕಾರಣದಿಂದ ಬ್ಯಾಂಕು ಸಾಲ ನಿರಾಕರಿಸಿದಲ್ಲಿ, ಖರೀದಿದಾರರು ಲಿಖಿತವಾಗಿ ತಿಳಿಸಿದ 15 ದಿನಗಳೊಳಗೆ ಮಾರಾಟಗಾರರು ಮುಂಗಡದ ಪೂರ್ತಿ ಮೊತ್ತವನ್ನು ಯಾವುದೇ ಕಡಿತವಿಲ್ಲದೆ ಹಿಂತಿರುಗಿಸತಕ್ಕದ್ದು. ತಪ್ಪಿದಲ್ಲಿ ಸದರಿ ದಿನದಿಂದ ವಾರ್ಷಿಕ ಶೇ. 12ರಂತೆ ಬಡ್ಡಿ ಸೇರಿಸಿ ಕೊಡತಕ್ಕದ್ದು."

"ಬೇರೆಯವರಿಗೆ ಮಾರಿದ ಮೇಲೆ ವಾಪಸ್ ಕೊಡುತ್ತೇವೆ" ಎಂಬ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಒಪ್ಪಬೇಡಿ. ಆ ಮಾರಾಟಕ್ಕೆ ದಿನಾಂಕವಿಲ್ಲ.

ಗಡುವು ಹತ್ತಿರ ಬಂದು ಅವರು ಸುಮ್ಮನಿದ್ದರೆ ಫೋನಿನಲ್ಲಿ ಮಾತಾಡಿ ಬಿಡಬೇಡಿ. ಹಣ ಸಿದ್ಧವಿದೆ, ಇಂಥ ದಿನ ನೋಂದಣಿಗೆ ಬನ್ನಿ ಎಂದು ಅಂಚೆಯಲ್ಲಿ ನೋಟಿಸ್ ಕಳಿಸಿ, ಸಾಲ ಮಂಜೂರಾತಿ ಪತ್ರ ಇಟ್ಟುಕೊಳ್ಳಿ. ನಾಳೆ ದಾವೆ ಹೂಡಿದರೆ ನೀವು ಸದಾ ಸಿದ್ಧರಿದ್ದಿರಿ ಎಂದು ತೋರಿಸುವ ಭಾರ ನಿಮ್ಮದೇ. ದಾವೆಗೆ ಕಾಲಮಿತಿ ಮೂರು ವರ್ಷ.

ಕರಾರಿನ ನೋಂದಣಿ

ನೋಟರಿ ಮುದ್ರೆ ಬಿದ್ದ ಕರಾರು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ನೋಂದಾಯಿಸಿದ್ದು ಕಾಣುತ್ತದೆ, ಆಗ ಅದೇ ಮನೆಗೆ ಇನ್ನೊಬ್ಬರಿಂದ ಮುಂಗಡ ಪಡೆಯುವುದು ಕಷ್ಟ. ಮಾರುವವರು ಇದಕ್ಕೆ ಹಿಂಜರಿಯುವುದರಲ್ಲಿ ನ್ಯಾಯವಿದೆ: ನೀವು ಕೊಳ್ಳದೆ ಹೋದರೂ ಆ ನಮೂದು ಉಳಿದು ಅವರ ಮನೆ ಮಾರಾಟವಾಗದೆ ಕೂರುತ್ತದೆ. ಮುಂಗಡ ವಾಪಸ್ ಬಂದ ದಿನವೇ ರದ್ದತಿ ಪತ್ರಕ್ಕೆ ಸಹಿ ಮಾಡುತ್ತೇನೆ, ರದ್ದತಿ ಖರ್ಚು ನನ್ನದು ಎಂದು ನೀವಾಗಿಯೇ ಬರೆದುಕೊಡಿ. ಈ ಮಾತಿಗೆ ಬಹಳ ಜನ ಒಪ್ಪುತ್ತಾರೆ. ಮುಂಗಡ ಐದು ಲಕ್ಷ ಮೀರಿದರೆ ನೋಂದಣಿಯ ಖರ್ಚಿಗೆ ಹಿಂದೆಮುಂದೆ ನೋಡುವುದು ಸರಿಯಲ್ಲ.

ಕರಾರಿನಲ್ಲೇ ಸ್ವಾಧೀನ ಕೊಟ್ಟಿದ್ದೇವೆ ಎಂದು ಮಾತ್ರ ಬರೆಸಬೇಡಿ. ಸ್ವಾಧೀನ ಸಹಿತ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಆಗಲೇ ಬೀಳುತ್ತದೆ.

ಅಳತೆ ಮತ್ತು ಒಳಗಿರುವವರು

ಟೇಪ್ ಹಿಡಿದು ನಾಲ್ಕೂ ಬದಿ ಅಳೆಯಿರಿ. ಕಾಗದದಲ್ಲಿ 30 ಅಡಿ ಇದ್ದು ನೆಲದಲ್ಲಿ 29 ಇದ್ದರೆ 40 ಚದರ ಅಡಿ ಕಡಿಮೆ. ನೆಲಕ್ಕೆ ಚದರ ಅಡಿಗೆ 5,000 ಎಂದು ಹಿಡಿದಿದ್ದರೆ ಅದು 2 ಲಕ್ಷ. ಕೊರತೆ ಕಂಡರೆ ಅದೇ ದರದಲ್ಲಿ ಬೆಲೆ ಇಳಿಯುತ್ತದೆ ಎಂಬ ಸಾಲು ಸೇರಿಸಿ. ಚೆಕ್ಕುಬಂದಿ ಹಳೆಯ ಪತ್ರದಲ್ಲಿದ್ದಂತೆಯೇ ಇರಲಿ. ಪಕ್ಕದ ನಿವೇಶನದ ಮಾಲೀಕರು ಬದಲಾಗಿದ್ದರೆ "ಹಿಂದೆ ಇಂಥವರ, ಈಗ ಇಂಥವರ ಸ್ವತ್ತು" ಎಂದು ಎರಡೂ ಬರೆಸಿ.

ಮನೆಯಲ್ಲಿ ಭೋಗ್ಯಕ್ಕೆ ಇರುವವರಿದ್ದರೆ ಅವರ ಒಪ್ಪಂದ ತರಿಸಿ ನೋಡಿ. ಹತ್ತು ಹದಿನೈದು ಲಕ್ಷ ಕೊಟ್ಟು ಕುಳಿತವರು ದುಡ್ಡು ಕೈಸೇರದೆ ಏಳುವುದಿಲ್ಲ. ಖಾಲಿ ಮನೆಯ ಬೀಗದ ಕೈ ನೋಂದಣಿಗೆ ಮುನ್ನ ನಿಮಗೆ ಸಿಗಬೇಕು. ಆಗದಿದ್ದರೆ ಭೋಗ್ಯದ ಮೊತ್ತವನ್ನು ಬೆಲೆಯಿಂದ ಕಳೆದು, ನೀವೇ ನೇರ ಅವರಿಗೆ ಕೊಡುವಂತೆ ಮೂವರೂ ಸಹಿ ಮಾಡಿದ ಪತ್ರ ಇರಲಿ. ಕಂದಾಯ, ವಿದ್ಯುತ್, ನೀರಿನ ಬಾಕಿ ನೋಂದಣಿ ದಿನದವರೆಗೆ ಮಾರುವವರದ್ದು. ಬ್ರೋಕರ್ ಕಮಿಷನ್ ಎಷ್ಟು, ಯಾರಿಂದ, ಯಾವಾಗ ಎಂಬುದನ್ನೂ ಮೊದಲೇ ಮಾತಾಡಿ, ನೋಂದಣಿ ಆದ ಮೇಲೆ ಕೊಡಿ.

ನೋಂದಣಿಯ ವಾರ

ಕಾವೇರಿ 2.0ರಲ್ಲಿ ಕ್ರಯಪತ್ರದ ಕರಡು ಮೊದಲೇ ಹೋಗಿ ಸಬ್‌ರಿಜಿಸ್ಟ್ರಾರ್ ಪರಿಶೀಲಿಸುತ್ತಾರೆ, ಆಮೇಲೆ ಶುಲ್ಕ ಕಟ್ಟಿ ಸಮಯ ಗೊತ್ತುಮಾಡಿಕೊಳ್ಳಬೇಕು. ಹೆಸರಿನ ಇನಿಷಿಯಲ್, ಖಾತೆ ಸಂಖ್ಯೆ, ಅಳತೆ, ಡಿ.ಡಿ. ವಿವರಗಳನ್ನು ಶುಲ್ಕ ಕಟ್ಟುವ ಮುನ್ನ ಇಬ್ಬರು ಕೂತು ಗಟ್ಟಿಯಾಗಿ ಓದಿ ತಾಳೆ ನೋಡಿ. ಆಮೇಲಿನ ತಪ್ಪಿಗೆ ತಿದ್ದುಪಡಿ ಪತ್ರವೇ ದಾರಿ, ಅದಕ್ಕೆ ಮತ್ತೆ ಎಲ್ಲ ಸಹಿದಾರರೂ ಬರಬೇಕು. ಹಿಂದಿನ ದಿನ ಋಣಭಾರ ಪತ್ರವನ್ನು ಇನ್ನೊಮ್ಮೆ ತೆಗೆಯಿರಿ. ಕರಾರಿನ ನಂತರ ಹೊಸ ನಮೂದು ಬಂದಿದ್ದರೆ ಅಲ್ಲೇ ನಿಲ್ಲಿಸಿ.

ಕಚೇರಿಯಲ್ಲಿ ಡಿ.ಡಿ. ಮೊದಲೋ ಸಹಿ ಮೊದಲೋ ಎಂಬ ಎಳೆದಾಟ ಬೇಡ. ಡಿ.ಡಿ.ಯ ಜೆರಾಕ್ಸ್ ಹಿಂದಿನ ದಿನವೇ ಅವರಿಗೆ ಕೊಟ್ಟು, ಮೂಲವನ್ನು ಎಲ್ಲರ ಫೋಟೊ, ಹೆಬ್ಬೆಟ್ಟು ಮುಗಿದ ಕೂಡಲೇ ಕೊಡುವುದು ಎಂದು ಕರಾರಿನಲ್ಲೇ ಬರೆದಿರಲಿ. ಮೂಲ ದಾಖಲೆಗಳನ್ನು ಪಟ್ಟಿಯ ಪ್ರಕಾರ ಎಣಿಸಿ ತೆಗೆದುಕೊಂಡು, ಎರಡು ಪ್ರತಿಗೆ ಇಬ್ಬರೂ ಸಹಿ ಮಾಡಿ. ವಿದ್ಯುತ್ ಮೀಟರ್ ವರ್ಗಾವಣೆಗೆ ಅವರ ಒಪ್ಪಿಗೆ ಪತ್ರವನ್ನೂ ಅಲ್ಲೇ ಬರೆಸಿಕೊಳ್ಳಿ. ದುಡ್ಡು ಕೈಸೇರಿದ ಮೇಲೆ ಆ ಒಂದು ಸಹಿಗೆ ಅವರನ್ನು ಹುಡುಕಿಕೊಂಡು ಹೋಗುವುದು ಕಷ್ಟ.